ಸೆವ್ರಿನ್ ಬಾಯಿಯ ಶರಬತ್ತು

ನಮ್ಮೂರಿನಲ್ಲಿ ಸಾರಾಯಿ ಕುಡಿದರೆ ಅಮಲು ಏರುವುದಿಲ್ಲ. ಎಷ್ಟು ಕುಡಿದರೂ ಇಲ್ಲ, ಯಾರು ಕುಡಿದರೂ ಇಲ್ಲ. ಗಂಟಲು ಸ್ವಲ್ಪ ಬಿಸಿಯಾಗುತ್ತದೆ, ಬಾಯಲ್ಲಿ ಹಣ್ಣಿನ ಕಂಪು ಉಳಿಯುತ್ತದೆ, ಅಷ್ಟೆ. ಹಾಗಾಗಿ ಸೆವ್ರಿನ್ ಬಾಯಿಯ ಅಂಗಡಿಯ ಹಲಗೆಯ ಮೇಲೆ ‘ಸಾರಾಯಿ, ಮಜ್ಜಿಗೆ, ಉಪ್ಪಿನಕಾಯಿ’ ಎಂದು ಒಂದೇ ಸಾಲಿನಲ್ಲಿ ಬರೆದಿದ್ದರೆ ಅದರಲ್ಲಿ ನಮಗೆ ವಿಶೇಷವೇನೂ ಕಾಣುವುದಿಲ್ಲ. ಬಾಣಂತಿಯರ ಸೊಂಟಕ್ಕೆ ತಿಕ್ಕಲು, ಮಾವಿನ ಮಿಡಿಗೆ ಬೂಸ್ಟು ಹಿಡಿಯದಂತೆ ಮೇಲಿಂದ ಚಿಮುಕಿಸಲು, ಮನೆಗೆ ಬಂದ ಬೀಗರಿಗೆ ಬೆಲ್ಲದ ತುಂಡಿನ ಜತೆ ಕೊಡಲು, ಹೀಗೆ ಎಲ್ಲದಕ್ಕೂ ಅದು ಬೇಕು. ಹೊರಗಿನವರು ಕೆಲವರು ಅಗ್ಗದ ಸಾರಾಯಿ ಎಂದು ಕೇಳಿ ಬಸ್ಸಿಳಿದು ಬರುತ್ತಾರೆ, ಬಾಟಲಿಗಟ್ಟಲೆ ಖಾಲಿ ಮಾಡುತ್ತಾರೆ, ಸಂಜೆಯ ತನಕ ಕಾದು ಕೂತು, ಮೋಸ ಹೋದೆವೆಂದು ಬೈದುಕೊಂಡು ಅದೇ ಬಸ್ಸಿಗೆ ಮರಳುತ್ತಾರೆ. ನಮ್ಮ ನಾಟಕ ಮಂಡಳಿಯಲ್ಲಿ ಕುಡುಕನ ಪಾತ್ರ ಯಾರು ಮಾಡಿದರೂ ಕಾಲು ಉಳುಕಿದವನ ಹಾಗೆ ಕಾಣುತ್ತದೆ. ಇದರಿಂದ ನಮಗೆ ತೊಂದರೆ ಎಂದರೆ ಒಂದೇ. ಆಡಿದ ಮಾತಿಗೆ ಕುಡಿದ ನೆಪ ಸಿಗುವುದಿಲ್ಲ. ಯಾರಾದರೂ ಬೈದರೆ ಮನಸ್ಸಿಟ್ಟೇ ಬೈದ ಹಾಗೆ. ಹೊಗಳಿದರೂ ಹಾಗೆಯೇ.

ಅಮಲು ಇರುವುದು ಕೆಂಪು ಪೀಪಾಯಿಯ ಆಚೆ. ಅಳಿವೆಯಿಂದ ಹೊರಟು, ದೀಪಸ್ತಂಭವನ್ನು ಎಡಕ್ಕೆ ಬಿಟ್ಟು ಮುಂದೆ ಹೋದರೆ, ಸರಪಳಿ ಕಟ್ಟಿ ಸಮುದ್ರದ ಮೇಲೆ ತೇಲಬಿಟ್ಟ ದೊಡ್ಡದೊಂದು ಪೀಪಾಯಿ ಸಿಗುತ್ತದೆ. ಅದನ್ನು ದಾಟಿದ ಮೇಲೆ ನಮ್ಮ ಸಾರಾಯಿಯೂ ಲೋಕದ ಸಾರಾಯಿಯ ಹಾಗೆ. ಮೀನು ಹಿಡಿಯುವವರು ಅಷ್ಟು ದೂರ ಹೋದರೂ ಬಾಟಲಿ ಒಯ್ಯುವುದಿಲ್ಲ. ಅಲೆಯ ಜತೆ ತಮಾಷೆ ಸಲ್ಲದೆಂದು ಅವರಿಗೆ ಗೊತ್ತು. ಹಾಗಾಗಿ ಊರಿಗೆ ಅಮಲು ಎಂದರೆ ವರ್ಷಕ್ಕೊಮ್ಮೆ, ಮಳೆ ಮುಗಿದು ಕಡಲು ತಿಳಿಯಾದ ಮೇಲೆ ಬರುವ ಬಿಳಿ ಹಡಗು. ಅದು ನಮ್ಮನ್ನು ಹತ್ತಿಸಿಕೊಂಡು ಹಕ್ಕಿಗಳ ದ್ವೀಪದ ತನಕ ಹೋಗಿ, ಅಲ್ಲಿ ಒಂದು ಹಗಲು ನಿಂತು, ತಿರುಗಿ ತಂದುಬಿಡುತ್ತದೆ. ಹಡಗಿನೊಳಗೂ ಮದ್ಯ ಮಾರುತ್ತಾರೆ. ಅದರ ಬೆಲೆ ಕೇಳಿದರೆ ಪೀಪಾಯಿ ದಾಟುವ ಮೊದಲೇ ತಲೆ ತಿರುಗುತ್ತದೆ. ಅದಕ್ಕೆ ಒಂದು ಕೋಣೆಗೆ ಒಂದು ಬಾಟಲಿಯಂತೆ ದಡದಿಂದ ಒಯ್ಯಲು ಬಿಡುತ್ತಾರೆ. ಹಡಗು ಹೊರಡುವ ವಾರ ಸೆವ್ರಿನ್ ಬಾಯಿಯ ಅಂಗಡಿಯ ಮುಂದೆ ಮದುವೆ ಮನೆಯ ಗದ್ದಲ. “ಪೀಪಾಯಿ ದಾಟುವ ತನಕ ಬಿರಡೆ ತೆಗೀಬೇಡಿ” ಎಂದು ಪ್ರತಿಯೊಬ್ಬರಿಗೂ ಹೇಳಿಯೇ ಅವರು ಬಾಟಲಿ ಕೊಡುತ್ತಿದ್ದರು. ಯಾಕೆಂದು ಅವರಿಗೂ ತಿಳಿಯದು. ಅವರ ಅಮ್ಮ ಹಾಗೆ ಹೇಳಿ ಕೊಡುತ್ತಿದ್ದರು, ಇವರೂ ಹೇಳುತ್ತಿದ್ದರು.

ನನ್ನ ಹೊಲಿಗೆ ಅಂಗಡಿ ಬಾಯಿಯ ಅಂಗಡಿಗೆ ತಾಗಿಕೊಂಡೇ ಇದೆ, ನಡುವೆ ಒಂದು ಮರದ ಗೋಡೆ ಮಾತ್ರ. ರವಿಕೆಗೆ ಗುಂಡಿ ಹಾಕುತ್ತಾ ನಾನು ಅವರ ಅರ್ಧ ಬದುಕನ್ನು ಕೇಳಿಸಿಕೊಂಡಿದ್ದೇನೆ. ಅರುವತ್ತು ದಾಟಿದ ಗಟ್ಟಿ ಹೆಂಗಸು, ಮಕ್ಕಳಿಲ್ಲ, ಗಂಡ ತೀರಿ ಬಹಳ ಕಾಲವಾಯಿತು. ಬೇಸಿಗೆಯಲ್ಲಿ ಗೇರುಹಣ್ಣು ಹಣ್ಣಾಗುವ ಹೊತ್ತಿಗೆ ಅವರ ಹಿತ್ತಲಿನಿಂದ ಬರುವ ವಾಸನೆಗೆ ನನ್ನ ಬಟ್ಟೆಗಳೆಲ್ಲ ಕಂಪಾಗುತ್ತವೆ. ಹಣ್ಣು ಹಿಂಡಿ, ಹುಳಿ ಬರಿಸಿ, ಅಮ್ಮನ ತಾಮ್ರದ ಹಂಡೆಯಲ್ಲಿ ಕಾಯಿಸಿ ಇಳಿಸುವ ಸಾರಾಯಿಯನ್ನು ಅವರು ತಮ್ಮ ಮಾನದ ಹಾಗೆ ನೋಡಿಕೊಳ್ಳುತ್ತಿದ್ದರು. ಆದರೆ ಹಡಗು ಹತ್ತಿದವರಲ್ಲ. ಕಾಯಿಸುವ ಹಂಡೆಯನ್ನು ಬಿಟ್ಟು ಬರುವುದು ಹೇಗೆ, ನೆಂಟರ ಮದುವೆ ಉಂಟು, ಮೊಣಕಾಲು ನೋವು ಉಂಟು, ಹೀಗೆ ಪ್ರತಿ ವರ್ಷ ಒಂದು ಕಾರಣ. ತಾವು ಮಾಡಿದ್ದು ಏನು ಮಾಡುತ್ತದೆ ಎಂಬುದನ್ನು ಅವರು ಹಡಗಿನಿಂದ ಇಳಿದವರ ಬಾಯಿಯಿಂದ ಕೇಳಿದ್ದೇ ಹೊರತು ತಾವಾಗಿ ಅರಿತದ್ದಲ್ಲ. ಅವರ ಅಮ್ಮನೂ ಹಾಗೆಯೇ ಕೇಳಿ ಕೇಳಿಯೇ ತೀರಿಕೊಂಡರು.

ಹೋದ ವರ್ಷ ಹಡಗು ತಿರುಗಿ ಬಂದ ಮರುದಿನ ನಾನು ಮೀನು ಮಾರ್ಕೆಟಿನಲ್ಲಿದ್ದೆ. ಹಡಗಿನಲ್ಲಿ ಹೋಗಿ ಬಂದಿದ್ದ ದೋಣಿ ಕಟ್ಟುವ ದೂಮಪ್ಪಣ್ಣ ಬಂಗುಡೆ ಆರಿಸುತ್ತಿದ್ದರು. ಅವರ ಹೆಂಡತಿ ಅಪ್ಪಿ ಆ ಮಳೆಗಾಲದಲ್ಲಿ ಜ್ವರದಲ್ಲಿ ತೀರಿಕೊಂಡಿದ್ದಳು. ಮನುಷ್ಯ ಮೊದಲಿನಿಂದಲೂ ಮಾತು ಕಡಿಮೆ. ಆಮೇಲಂತೂ ಕೇಳಿದ್ದಕ್ಕೆ ಮಾತ್ರ ಉತ್ತರ. ಯಾರೋ ಕೇಳಿದರು, “ಹೇಗಿತ್ತು ದೂಮಪ್ಪಣ್ಣ, ಸೆವ್ರಿನ್ ಬಾಯಿಯ ಸಾರಾಯಿ?” ಅವರು ಮೀನಿನ ಕಿವಿರು ಎತ್ತಿ ನೋಡುತ್ತಲೇ “ಏನೂ ಮಾಡ್ಲಿಲ್ಲ” ಎಂದರು. ಅಷ್ಟೇ ಹೇಳಿದ್ದು. ಆದರೆ ಬದುಕಿನಲ್ಲಿ ಒಂದೂ ಸುಳ್ಳು ಹೇಳದ ಮನುಷ್ಯ ಹೇಳಿದ ಮಾತು. ತಮಗೆ ಏರಿದ್ದು ಸಾರಾಯಿಯೋ ಬರೀ ಅಲೆಯೋ ಎಂದು ಹಡಗಿಗೆ ಹೋಗಿ ಬಂದವರಿಗೇ ಅನುಮಾನ ಹತ್ತಿತು. ಮಧ್ಯಾಹ್ನದೊಳಗೆ ಅದು ಊರಿಡೀ ತಿರುಗಿ ಬಾಯಿಯ ಅಂಗಡಿಗೂ ಬಂತು. ಅವರು ಕೇಳಿಸಿಕೊಂಡು, ಉಪ್ಪಿನಕಾಯಿಯ ಭರಣಿಗೆ ಬಟ್ಟೆ ಕಟ್ಟಿ, ಒಳಗೆ ಹೋದರು.

ಅದೇ ಸಮಯಕ್ಕೆ ಅಂಚೆ ಕಚೇರಿಯ ಎದುರು ಹೊಸದೊಂದು ಅಂಗಡಿಯೂ ಶುರುವಾಗಿತ್ತು. ಅಲ್ಲಿ ಕಂಪನಿಯ ಬಾಟಲಿಗಳು, ಬಂಗಾರದ ಬಣ್ಣದ ಚೀಟಿ, ಮುಚ್ಚಳಕ್ಕೆ ಮೊಹರು. ಈ ವರ್ಷ ಹಡಗಿನ ದಿನ ಹತ್ತಿರವಾದಾಗ ನಮ್ಮ ಬೀದಿಯಲ್ಲಿ ಜನರೇ ಇಲ್ಲ. ಟಿಕೇಟು ಮಾಡಿಸಿದವರು ಹೊಸ ಅಂಗಡಿಯಿಂದ ಬಾಟಲಿ ತೆಗೆದುಕೊಂಡು, ಬಾಯಿಗೆ ಕಾಣಬಾರದೆಂದು ಅದನ್ನು ಟವಲಿನಲ್ಲಿ ಸುತ್ತಿ, ನಮ್ಮ ಅಂಗಡಿಗಳ ಮುಂದೆ ಆಕಾಶ ನೋಡುತ್ತಾ ಹೋಗುತ್ತಿದ್ದರು. ಟವಲಿನ ಆಕಾರದಿಂದಲೇ ಬಾಟಲಿ ತಿಳಿಯುತ್ತಿತ್ತು. ಒಂದು ಸಂಜೆ ಬಾಯಿ ಮರದ ಗೋಡೆಯ ಆಚೆಯಿಂದ ಕೇಳಿದರು, “ರಾಜೀವಿ, ಹಡಗಿಗೆ ಬರ್ತೀಯಾ?”

ನಾನು ಯಂತ್ರ ನಿಲ್ಲಿಸಿದೆ. “ನೀವು ಹೋಗ್ತೀರಾ?”

“ನೋಡ್ಬೇಕಲ್ಲ. ದೂಮಪ್ಪ ಹೇಳಿದ್ದು ಹೌದಾದ್ರೆ ಅಮ್ಮನ ಹಂಡೆಯನ್ನು ಮಗುಚಿ ಹಾಕುವುದು. ಬರೀ ಮಜ್ಜಿಗೆ ಮಾರುವ. ಅಮ್ಮನೂ ನಾನೂ ಸೇರಿ ಇಷ್ಟು ಕಾಲ ಊರಿಗೆ ನೀರು ಮಾರಿದ ಹಾಗಾಯ್ತು ಅಂತ ತಿಳ್ಕೊಳ್ಳುವುದು.” ಮತ್ತೆ ಸೇರಿಸಿದರು, “ಕೋಣೆಯಲ್ಲಿ ಇಬ್ಬರು ಇರ್ಬೇಕಂತೆ. ಒಬ್ಬಳೇ ಹೋಗ್ಲಿಕ್ಕೆ ನನಗೆ ಹೆದರಿಕೆ.”

“ದೂಮಪ್ಪಣ್ಣನನ್ನೇ ಕೇಳಿದ್ರಾಯ್ತಲ್ಲ ಬಾಯಿ?”

“ಕೇಳ್ಲಿಕ್ಕೆ ಎಂತ ಉಂಟು? ಅವರು ಹೇಳಿ ಆಯ್ತಲ್ಲ.”

ನನ್ನ ಗಂಡನಿಗೆ ಹೇಳಿದಾಗ ಆತ, ಹೋಗಿ ಬಾ, ಅಷ್ಟು ದಿನ ನಾನು ನನಗೆ ಬೇಕಾದ ಹಾಗೆ ಮೀನು ಸಾರು ಮಾಡಿಕೊಳ್ಳುತ್ತೇನೆ ಎಂದು ಸಂತೋಷದಿಂದಲೇ ಹೇಳಿದ. ಹಾಗೆ ನಾನು ಹೊರಟೆ.

ಆದರೆ ಹಡಗಿನವರು ಈ ವರ್ಷ ಹೊಸ ನಿಯಮ ಮಾಡಿದ್ದರು. ಹೆಸರಿನ ಚೀಟಿ, ಮುಚ್ಚಳಕ್ಕೆ ಮೊಹರು ಎರಡೂ ಇರುವ ಬಾಟಲಿಯನ್ನು ಮಾತ್ರ ಒಳಗೆ ಬಿಡುವುದಂತೆ. ಟಿಕೇಟು ತರಲು ಹೋದ ನಾನು ಅದನ್ನು ಕೇಳಿಕೊಂಡು ಬಂದೆ. ಯಾವುದಕ್ಕೂ ಇರಲಿ ಎಂದು ಬಾಯಿಯನ್ನು ಹೊಸ ಅಂಗಡಿಗೆ ಕರೆದುಕೊಂಡು ಹೋದೆ. ಅಂಗಡಿಯವನು ಒಳ್ಳೆಯ ಹುಡುಗ, ಬಾಯಿಯನ್ನು ಕಂಡು ಎದ್ದು ನಿಂತ. ಅವರು ಒಂದೊಂದೇ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ, “ಇದು ಮಾಡಿದ್ದು ಯಾರು?” ಎಂದು ಕೇಳಿದರು.

“ಕಂಪನಿ, ಬಾಯಿ.”

“ಕಂಪನಿ ಅಂದ್ರೆ ಯಾರು? ಅದಕ್ಕೆ ಹೇಳಿಕೊಟ್ಟದ್ದು ಯಾರು?”

ಅವನು ತಲೆ ಕೆರೆದುಕೊಂಡು, ಮೆಲ್ಲಗೆ ಒಂದು ಉಪಾಯ ಹೇಳಿದ. ತನ್ನಲ್ಲಿ ಖಾಲಿ ಬಾಟಲಿಗಳಿವೆ, ಚೀಟಿ ಚೆನ್ನಾಗಿದೆ, ಮುಚ್ಚಳವನ್ನು ಅಂಟಿಸಿ ಕೊಡುತ್ತೇನೆ, ಬಾಯಿ ತಮ್ಮದನ್ನೇ ತುಂಬಿಸಿ ಒಯ್ಯಬಹುದು. ನನಗೆ ಅದು ಬಹಳ ಸರಿ ಕಂಡಿತು. ಬಾಯಿ ಬಾಟಲಿಯನ್ನು ಕಪಾಟಿಗೆ ತಿರುಗಿ ಇಟ್ಟರು. “ಬೇರೆಯವರ ಹೆಸರು ಹಾಕ್ಕೊಂಡು ಹೋಗ್ಲಿಕ್ಕೆ ಅದೇನು ಜೈಲಿನಿಂದ ಓಡಿ ಬಂದದ್ದಾ ಮಗ?” ಎಂದು ಹೇಳಿ, ಅವನ ಕೆನ್ನೆ ತಟ್ಟಿ ಹೊರಗೆ ಬಂದರು.

ಹೊರಡುವ ದಿನ ಅವರು ಅಮ್ಮನ ಕಾಲದ ದಪ್ಪ ಹಸಿರು ಗಾಜಿನ ಬಾಟಲಿಯನ್ನು ತೊಳೆದು, ಒಣಗಿಸಿ, ಈ ಬೇಸಿಗೆಯಲ್ಲಿ ಮೊದಲು ಇಳಿಸಿದ ಸಾರಾಯಿ ತುಂಬಿಸಿದರು. ಬಿರಡೆ ಸಡಿಲವಾಗದಂತೆ ನಾನು ರವಿಕೆಯ ಉಳಿದ ಬಟ್ಟೆಯಲ್ಲಿ ಒಂದು ಪಟ್ಟಿ ಹರಿದು ಬಿಗಿಯಾಗಿ ಕಟ್ಟಿಕೊಟ್ಟೆ. ಅದು ನಮ್ಮ ಮೊಹರು.

ಹಡಗು ಹತ್ತುವ ಏಣಿಯ ಬುಡದಲ್ಲಿ ತಪಾಸಣೆ. ಬಿಳಿ ಸಮವಸ್ತ್ರ ಹಾಕಿದ ದೊಡ್ಡ ಮೀಸೆಯ ಅಧಿಕಾರಿಯೊಬ್ಬರು ಮೇಜಿನ ಹಿಂದೆ ಕೂತು ಎಲ್ಲರ ಬಾಟಲಿ ನೋಡುತ್ತಿದ್ದರು. ಹೆಸರು ಬಸಲಿಂಗಪ್ಪ ಎಂದು ಎದೆಯ ಮೇಲಿತ್ತು. ದೂರದ ಬಯಲುಸೀಮೆಯವರು, ಈ ವರ್ಷವೇ ಹೊಸತಾಗಿ ಬಂದವರು, ನಮ್ಮೂರಿನ ವಿಷಯ ಅವರಿಗೆ ಯಾರೂ ಹೇಳಿರಲಿಲ್ಲ. ಊರಿನವರ ಟವಲುಗಳು ಈಗ ಬಿಚ್ಚಿಕೊಂಡು ಬಂಗಾರದ ಚೀಟಿಗಳು ಒಂದೊಂದಾಗಿ ಮೇಲೆ ಹೋದವು. ನಮ್ಮ ಸರದಿ ಬಂತು.

“ಏನ್ರೀ ಯವ್ವಾ, ಇದರ ಮ್ಯಾಲೆ ಚೀಟಿ ಇಲ್ಲ, ಮೊಹರಿಲ್ಲ. ಯಾವ ಕಂಪನೀದು?”

“ನನ್ನದು,” ಎಂದರು ಬಾಯಿ.

“ನಿಮ್ಮದಂದ್ರ?”

“ನಾನೇ ಮಾಡಿದ್ದು. ಮೊದಲು ಅಮ್ಮ ಮಾಡ್ತಿದ್ರು.”

“ಹಂಗಾರ ಬಿಡಾಕ ಬರಂಗಿಲ್ರೀ. ಚೀಟಿ ಇಲ್ಲದ ಮದ್ಯ ಒಳಗ ತರಬಾರದು ಅಂತ ಕಾಯ್ದೆ ಮಾಡ್ಯಾರ.”

“ಮದ್ಯ ಹೌದೋ ಅಲ್ವೋ ಅಂತ ನೋಡ್ಲಿಕ್ಕೇ ನಾನು ಹೋಗ್ತಾ ಇರುವುದು.”

ಬಸಲಿಂಗಪ್ಪನವರು ಮೀಸೆಯೊಳಗೆ ನಕ್ಕರು. ಬಾಯಿಯ ಮುಖ ನೋಡಿ ಏನನಿಸಿತೋ, ನೀರಿನ ಲೋಟ ಖಾಲಿ ಮಾಡಿ ಮುಂದೆ ಹಿಡಿದರು. ನಾನು ಪಟ್ಟಿ ಬಿಚ್ಚಿದೆ, ಬಾಯಿ ಸುರಿದರು. ಅವರು ಒಂದೇ ಗುಟುಕಿಗೆ ಕುಡಿದು, ಕಣ್ಣು ಮುಚ್ಚಿ, ಒಳಗಿನಿಂದ ಯಾರೋ ಬಾಗಿಲು ತೆರೆಯಬೇಕೆಂಬಂತೆ ಕಾದರು. ಸಾಲಿನಲ್ಲಿ ನಿಂತ ನಮ್ಮ ಜನರೆಲ್ಲ ಕಾದರು. ಗುಟ್ಟನ್ನು ಯಾರೂ ಹೇಳಲಿಲ್ಲ.

“ರುಚಿ ಭಾಳ ಚೊಲೋ ಐತಿ,” ಎಂದರು ಕಣ್ಣು ತೆರೆದು. “ಆದ್ರ ಏನೂ ಆಗವಲ್ದು. ಇನ್ನೊಂದೀಟು ಹಾಕ್ರಿ.” ಎರಡನೆಯ ಲೋಟವೂ ಇಳಿಯಿತು. ಎದ್ದು ನಿಂತು ನೋಡಿದರು, ಒಂದು ಕಾಲ ಮೇಲೆ ನಿಂತು ನೋಡಿದರು, ಕೂತರು. “ಇದು ಮದ್ಯ ಅಲ್ರೀ ಯವ್ವಾ, ಶರಬತ್ತು. ಶರಬತ್ತಿಗೆ ಯಾವ ಕಾಯ್ದೇನೂ ಇಲ್ಲ. ಹೋಗ್ರಿ.” ಒಂದು ಚೀಟಿಯಲ್ಲಿ ‘ಹಣ್ಣಿನ ಶರಬತ್ತು’ ಎಂದು ಬರೆದು ಬಾಟಲಿಗೆ ಅಂಟಿಸಿಯೇ ಬಿಟ್ಟರು.

ಅವರು ಉಪಕಾರವನ್ನೇ ಮಾಡಿದ್ದು. ಆದರೆ ಇಡೀ ಸಾಲಿಗೆ ಕೇಳುವ ಹಾಗೆ ಹೇಳಿದ್ದರಿಂದ ಬಾಯಿಯ ಮುಖ ಬಾಡಿತು. ನಮ್ಮೂರಿನ ನೆಲದ ಮೇಲೆ ಯಾವ ಸಾರಾಯಿಯೂ ಶರಬತ್ತೇ ಎಂದು ಬಾಯಿಗೆ ಗೊತ್ತಿಲ್ಲದ್ದಲ್ಲ. ಗೊತ್ತಿದ್ದರೂ ಕೆಲವು ಮಾತು ತಾಗುತ್ತದೆ. ಏಣಿ ಹತ್ತುವಾಗ ನಾನು ತಿರುಗಿ ನೋಡಿದೆ. ಸಾಲಿನ ಕೊನೆಯಲ್ಲಿ ದೂಮಪ್ಪಣ್ಣ ನಿಂತಿದ್ದರು, ಕೈಯಲ್ಲಿ ಒಂದು ಸಣ್ಣ ಚೀಲ, ಬಾಟಲಿ ಇಲ್ಲ. ಅವರು ಬಾಯಿಯನ್ನೇ ನೋಡುತ್ತಿದ್ದರು.

ಬಿಸಿಲು ಕೆಂಪಾಗುವ ಹೊತ್ತಿಗೆ ಹಡಗು ದೀಪಸ್ತಂಭವನ್ನು ಹಿಂದೆ ಹಾಕಿತು. ಎಲ್ಲರೂ ಮೇಲಟ್ಟದ ಮೇಲೆ ಸೇರಿದ್ದರು. ಇದು ವಾಡಿಕೆ: ಲೋಟಕ್ಕೆ ಸುರಿದುಕೊಂಡು, ಕೈಯಲ್ಲಿ ಹಿಡಿದು, ಪೀಪಾಯಿ ದಾಟುವುದನ್ನೇ ಕಾಯುವುದು. ಹರೆಯದವರು ಕಂಬಿಗೆ ಒರಗಿ ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು, ಮುದುಕರು ಕುರ್ಚಿಗಳಲ್ಲಿ ಪ್ರಸಾದ ಹಿಡಿದವರ ಹಾಗೆ ಕೂತಿದ್ದರು. ನಾವಿಬ್ಬರು ಒಂದು ಮೂಲೆಯಲ್ಲಿ. ಬಾಯಿ ಬಾಟಲಿಯನ್ನು ಸೆರಗಿನೊಳಗೆ ಚೀಟಿ ಕಾಣದ ಹಾಗೆ ಹಿಡಿದಿದ್ದರು. ಬಸಲಿಂಗಪ್ಪನವರು ನಡುವೆ ನಿಂತು ಧ್ವನಿವರ್ಧಕ ಹಿಡಿದು ಜೀವರಕ್ಷಕ ಕವಚ ಹಾಕುವ ಬಗೆಯನ್ನು ವಿವರಿಸುತ್ತಿದ್ದರು. “ಮೊದಲು ತಲಿಗೆ ಹಾಕ್ಕೋಬೇಕು, ಆಮ್ಯಾಲೆ ಈ ಎಡಗಡೆ ಪಟ್ಟಿ ತಗೊಂಡು ಬಲಗಡೆ…”

ಪೀಪಾಯಿ ನಮ್ಮ ಪಕ್ಕಕ್ಕೆ ಬಂತು. ಅದರ ಮೇಲೆ ಒಂದು ಕಡಲಕಾಗೆ ಕೂತಿತ್ತು. ಜನರೆಲ್ಲ ಲೋಟ ತುಟಿಗೆ ಒಯ್ಯುತ್ತಿದ್ದರು.

“…ಬಲಗಡೆ ಪಟ್ಟೀಗೆ,” ಎಂದರು ಬಸಲಿಂಗಪ್ಪನವರು, ಮತ್ತು ನಿಂತರು. ಕೈಯಲ್ಲಿದ್ದ ಪಟ್ಟಿಯನ್ನು ಹೊಸ ವಸ್ತುವನ್ನು ನೋಡುವ ಹಾಗೆ ನೋಡಿದರು. ಹೊಟ್ಟೆಯಲ್ಲಿ ಮಧ್ಯಾಹ್ನದಿಂದ ಸುಮ್ಮನೆ ಕೂತಿದ್ದ ಎರಡು ಲೋಟಗಳು ಒಟ್ಟಿಗೆ ಎದ್ದು ನಿಂತಿದ್ದವು. ಅವರ ಮೀಸೆ ಮೊದಲು ನಡುಗಿತು, ಆಮೇಲೆ ಮುಖವಿಡೀ ಅರಳಿತು. “ಬಲಗಡೆ ಪಟ್ಟಿ ಪಾಪ ಒಬ್ಬಂಟಿ ಐತ್ರೀ,” ಎಂದರು ಧ್ವನಿವರ್ಧಕದಲ್ಲಿ, ಬಹಳ ಮರುಕದಿಂದ. ಎಡದ ಪಟ್ಟಿಯನ್ನು ಬಲದ ಪಟ್ಟಿಗೆ ಮದುವೆ ಮಾಡಿಸುತ್ತೇನೆಂದು ಗಂಟು ಹಾಕತೊಡಗಿದರು. ಗಂಟು ಕೂಡಿಬರದೆ ಧ್ವಜದ ಕಂಬವನ್ನು ತಬ್ಬಿಕೊಂಡು ಕೂತು, ತಾವು ಬಿಟ್ಟು ಬಂದ ಎಮ್ಮೆಯೊಂದರ ಗುಣಗಾನ ಶುರು ಮಾಡಿದರು. ಅದರ ಹೆಸರು ಗೌರವ್ವ ಎಂದೂ, ಅದು ಇವರ ಹೆಜ್ಜೆ ಸಪ್ಪಳ ಕೇಳಿಯೇ ಸೊರೆ ಬಿಡುತ್ತಿತ್ತೆಂದೂ ಇಡೀ ಹಡಗು ಕೇಳಿತು.

ಒಂದು ಕ್ಷಣ ಎಲ್ಲರಿಗೂ ಗಾಬರಿ. ಆಮೇಲೆ ಯಾರೋ ಮೆಲ್ಲಗೆ “ಬಾಯಿಯ ಶರಬತ್ತು” ಎಂದರು. ತಲೆಗಳೆಲ್ಲ ನಮ್ಮ ಮೂಲೆಗೆ ತಿರುಗಿದವು. ಬಿರಡೆ ತೆಗೆಯಬೇಡಿ ಎಂದು ಬಾಯಿಯ ಅಮ್ಮ ಯಾಕೆ ಹೇಳುತ್ತಿದ್ದರೆಂದು ಊರಿಗೆ ತಿಳಿದದ್ದು ಆ ಸಂಜೆ.

ಅಷ್ಟು ಜನ ನೋಡುತ್ತಿರುವಾಗ ಸೆವ್ರಿನ್ ಬಾಯಿ ಹಿಗ್ಗಲಿಲ್ಲ. ಬಾಟಲಿಯನ್ನು ನನ್ನ ಕೈಗೆ ಕೊಟ್ಟು, ನೇರ ಬಸಲಿಂಗಪ್ಪನವರ ಬಳಿ ಹೋಗಿ ಕೂತು, ಅವರ ಕೈ ಹಿಡಿದು ನಾಡಿ ನೋಡಿದರು. ಅಡಿಗೆ ಮನೆಯಿಂದ ಮಜ್ಜಿಗೆ ತರಿಸಿ ಕುಡಿಸಿದರು. ಅವರು ಕುಡಿದು, ಬಾಯಿಯ ಮುಖವನ್ನು ಬಹಳ ಹತ್ತಿರದಿಂದ ನೋಡಿ, “ಯವ್ವಾ, ನನ್ನ ಮಾತು ತಪ್ಪಾತು. ಇದು ಶರಬತ್ತಲ್ಲ,” ಎಂದು ನ್ಯಾಯಾಧೀಶರ ಹಾಗೆ ತೀರ್ಪು ಕೊಟ್ಟು, ಅಲ್ಲೇ ಒರಗಿ ನಿದ್ದೆ ಹೋದರು. ಇಬ್ಬರು ಖಲಾಸಿಗಳು ಬಂದು ಎತ್ತಿಕೊಂಡು ಹೋದರು. ಆಗ ಬಾಯಿ ನನ್ನ ಕಡೆ ನೋಡಿದರು. ನಗು ಬರಲೋ ಬೇಡವೋ ಎಂದು ಕೇಳಿಕೊಂಡು ಬಂದ ಹಾಗೆ ಬಂತು.

ಖಾಲಿ ಲೋಟ ಹಿಡಿದವರು ಒಬ್ಬೊಬ್ಬರಾಗಿ ಹತ್ತಿರ ಬಂದರು. ಒಂದು ಗುಟುಕು ಸಿಗಬಹುದೇ ಎಂದರು, ಮುಂದಿನ ವರ್ಷಕ್ಕೆ ಈಗಲೇ ಹೇಳಿ ಇಡುತ್ತೇವೆ ಎಂದರು. “ಇದು ನಮ್ಮ ಕೋಣೆಯ ಬಾಟಲಿ. ನಿಮ್ಮದನ್ನು ಕುಡೀರಿ, ಅದೂ ಒಳ್ಳೆಯದೇ ಇರ್ತದೆ,” ಎಂದು ಬಾಯಿ ಎಲ್ಲರನ್ನೂ ಕಳಿಸಿದರು. ಅವರೆಲ್ಲ ಹೋದ ಮೇಲೆ ಬಂದದ್ದು ದೂಮಪ್ಪಣ್ಣ.

“ಬಾಯಿ, ನಿಮ್ಮ ಹತ್ರ ಒಂದು ಮಾತುಂಟು.”

“ನನ್ನ ಹತ್ರವೂ ಉಂಟು. ಹೋದ ವರ್ಷ ನೀವು ಮಾರ್ಕೆಟಿನಲ್ಲಿ ಹಾಗೆ ಯಾಕೆ ಹೇಳಿದ್ದು? ಏನೂ ಮಾಡ್ಲಿಲ್ಲ ಅಂತ.”

ದೂಮಪ್ಪಣ್ಣ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಮರಗೆಲಸದ ದೊಡ್ಡ ಕೈಗಳು. “ಮಾಡ್ಲಿಲ್ಲ ಬಾಯಿ. ಕಾಲು ಹೋಯ್ತು, ನಾಲಿಗೆ ಹೋಯ್ತು, ಈಗ ಇವರನ್ನು ಎತ್ತಿಕೊಂಡು ಹೋದ ಹಾಗೆಯೇ ನನ್ನನ್ನೂ ಎತ್ತಿಕೊಂಡು ಹೋದ್ರು. ಅದೆಲ್ಲ ಆಯ್ತು. ಆದ್ರೆ ಅಪ್ಪಿ ಹೋಗ್ಲಿಲ್ಲ. ಕಣ್ಣು ಮುಚ್ಚಿದ್ರೂ ಅವಳೇ, ತೆರೆದ್ರೂ ಅವಳೇ. ಕುಡಿದ್ರೆ ಮರೀತದೆ, ಹೋಗಿ ಬಾ ಅಂತ ಊರವರು ಹೇಳಿ ಹತ್ತಿಸಿದ್ದು ನನ್ನನ್ನು. ಇಳಿದ ಮೇಲೆ ಕೇಳಿದ್ರು, ನಾನು ಏನೂ ಮಾಡ್ಲಿಲ್ಲ ಅಂದೆ. ಅದರಿಂದ ನಿಮ್ಮ ಅಂಗಡಿಗೆ ಹೀಗಾದದ್ದು ನನಗೆ ಇವತ್ತು ಆ ಸಾಲಿನಲ್ಲಿ ನಿಂತಾಗ ಗೊತ್ತಾಯ್ತು. ಎಲ್ಲರ ಕೈಯಲ್ಲೂ ಬೇರೆ ಬಾಟಲಿ.”

ಇಷ್ಟು ಮಾತನ್ನು ಅವರು ಒಟ್ಟಿಗೆ ಆಡಿದ್ದನ್ನು ನಾನು ಎಂದೂ ಕೇಳಿರಲಿಲ್ಲ.

“ಅದು ಮರೆಸ್ಲಿಕ್ಕೆ ಅಂತ ಮಾಡಿದ್ದಲ್ಲ ದೂಮಪ್ಪಣ್ಣ,” ಎಂದರು ಬಾಯಿ, ಮೆತ್ತಗೆ. “ಗೇರುಹಣ್ಣು ಸುಮ್ಮನೆ ಕೊಳೆತು ಹೋಗ್ಬಾರ್ದು ಅಂತ ಮಾಡಿದ್ದು. ಅಷ್ಟೇ.”

ದೂಮಪ್ಪಣ್ಣ ತಲೆಯಾಡಿಸಿದರು. ಈ ವರ್ಷ ಯಾಕೆ ಬಂದಿರಿ ಎಂದು ನಾನು ಕೇಳಿದೆ. ಅಪ್ಪಿಗೆ ಹಕ್ಕಿಗಳ ದ್ವೀಪ ನೋಡಬೇಕೆಂದು ಬಹಳ ಆಸೆಯಿತ್ತಂತೆ. ಹೋದ ವರ್ಷ ಹಡಗು ಅಲ್ಲಿ ನಿಂತಾಗ ಇವರು ಕೋಣೆಯಲ್ಲಿ ತಲೆ ಎತ್ತಲಾಗದೆ ಮಲಗಿದ್ದರು. “ಈ ಸಲ ಸರಿಯಾಗಿ ನೋಡುವ ಅಂತ. ಅದಕ್ಕೇ ಬಾಟಲಿ ತರ್ಲಿಲ್ಲ,” ಎಂದು ಹೇಳಿ ಅವರು ಊಟಕ್ಕೆ ಇಳಿದು ಹೋದರು.

ಅವರು ಹೋದ ಮೇಲೆ ಬಾಯಿ ಎರಡು ಲೋಟಕ್ಕೆ ಸ್ವಲ್ಪ ಸ್ವಲ್ಪ ಸುರಿದರು. ಮೂಸಿದರು. ನೂರಾರು ಸಲ ರುಚಿ ನೋಡಿದ್ದನ್ನೇ, ಮೊದಲ ಸಲವೆಂಬಂತೆ ನಾಲಿಗೆಯ ತುದಿಗೆ ತಾಗಿಸಿ ಕುಡಿದರು. ನಾನೂ ಕುಡಿದೆ. ಕಿವಿಯ ಹಿಂದೆ ಯಾರೋ ಬೆಚ್ಚಗೆ ಉಸಿರು ಬಿಟ್ಟ ಹಾಗಾಯಿತು. “ರಾಜೀವಿ, ನನ್ನ ಮೊಣಕಾಲು ಎಲ್ಲಿಗೆ ಹೋಯ್ತು?” ಎಂದು ಬಾಯಿ ಕೇಳಿದರು. ಕಾಲು ಇದ್ದಲ್ಲೇ ಇದೆ ಎಂದು ನಾನು ತೋರಿಸಿದೆ. “ಕಾಲುಂಟು, ನೋವಿಲ್ಲ,” ಎಂದು ಅವರಿಗೆ ಬಹಳ ಆಶ್ಚರ್ಯ. ಆಮೇಲೆ ಅಮ್ಮನ ಬಗ್ಗೆ ಹೇಳತೊಡಗಿದರು. ನಳಿಗೆಯಿಂದ ಸಾರಾಯಿ ತೊಟ್ಟಿಕ್ಕುವ ಸದ್ದು ಕೇಳಿಯೇ ಅಮ್ಮ ಒಲೆಯ ಬೆಂಕಿ ತಗ್ಗಿಸುತ್ತಿದ್ದರಂತೆ, ಕೆಲಸ ಮುಗಿದ ದಿನ ಹಂಡೆಯನ್ನು ಹುಣಸೆಹುಳಿಯಲ್ಲಿ ತಿಕ್ಕಿ ತಿಕ್ಕಿ ಅದರಲ್ಲಿ ಮುಖ ನೋಡಿಕೊಳ್ಳುತ್ತಿದ್ದರಂತೆ. “ಒಮ್ಮೆ ಇಲ್ಲಿಗೆ ಕರ್ಕೊಂಡು ಬರ್ಬೇಕಿತ್ತು ಅವರನ್ನು,” ಎಂದರು, ಆದರೆ ಅತ್ತು ಹೇಳಿದ್ದಲ್ಲ, ತೃಪ್ತಿಯಿಂದ ಹೇಳಿದ್ದು. ನನ್ನ ವಿಷಯ ನನಗೆ ಅಷ್ಟು ನೆನಪಿಲ್ಲ. ಕಡಲು ಆಕಾಶಕ್ಕೆ ಸೇರುವಲ್ಲಿ ಹೊಲಿಗೆ ಬಿಚ್ಚಿದೆ ಎಂದು ಹೇಳಿ ಸೂಜಿ ಕೇಳಿದೆನಂತೆ.

ಮರುದಿನ ಬೆಳಿಗ್ಗೆ ಬಸಲಿಂಗಪ್ಪನವರು ಟೋಪಿಯನ್ನು ಕಣ್ಣಿನ ತನಕ ಇಳಿಸಿಕೊಂಡು ನಮ್ಮ ಕೋಣೆಯ ಬಾಗಿಲಿಗೆ ಬಂದರು. ಕೈ ಚಾಚಿ ಬಾಟಲಿ ಕೇಳಿ ತೆಗೆದುಕೊಂಡರು. ತಾವು ಅಂಟಿಸಿದ ಚೀಟಿಯನ್ನು ಉಗುರಿನಿಂದ ಕೆರೆದು ತೆಗೆದರು. “ನಿಮ್ಮ ಹೆಸರು ಏನ್ರೀ ಯವ್ವಾ?” ಎಂದು ಕೇಳಿ, ಹೊಸ ಚೀಟಿಯ ಮೇಲೆ ‘ಸೆವ್ರಿನ್ ಬಾಯಿಯ ಸಾರಾಯಿ’ ಎಂದು ಗುಂಡಗೆ ಬರೆದು, ಹಡಗಿನ ಮೊಹರು ಒತ್ತಿ ಅಂಟಿಸಿದರು. ಬಾಯಿ ಅವರನ್ನು ಕೂರಿಸಿ ಗೌರವ್ವನ ವಿಷಯ ವಿಚಾರಿಸಿದರು. ಅದನ್ನು ತಾವೇ ಹೇಳಿದ್ದೆಂದು ತಿಳಿದು ಅವರಿಗೆ ನಾಚಿಕೆಯಾಯಿತು, ಆದರೂ ಪೂರ್ತಿ ಹೇಳಿಯೇ ಹೋದರು.

ದ್ವೀಪದಲ್ಲಿ ಮರಗಳಿಲ್ಲ, ಮನೆಗಳಿಲ್ಲ. ಬರೀ ಕಪ್ಪು ಬಂಡೆ, ಬಂಡೆಯ ತುಂಬ ಬಿಳಿ ಹಕ್ಕಿ. ದೋಣಿಯಿಂದ ಇಳಿದು ನಾವು ನಡೆದ ಹಾಗೆ ಅವು ಎದ್ದು, ತಲೆಯ ಮೇಲೆ ಸುತ್ತಿ, ಹಿಂದೆ ಬಂದು ಕೂರುತ್ತಿದ್ದವು. ಬಾಯಿ ತಲೆನೋವಿಗೆ ಒದ್ದೆ ಟವಲು ಸುತ್ತಿಕೊಂಡು ನನ್ನ ಭುಜ ಹಿಡಿದು ನಡೆಯುತ್ತಿದ್ದರು. ದೂಮಪ್ಪಣ್ಣ ನಮಗಿಂತ ಸ್ವಲ್ಪ ಮುಂದೆ, ಒಬ್ಬರೇ. ಅವರು ಮಾತಾಡುತ್ತಿರುವುದು ಗಾಳಿಯಲ್ಲಿ ಬಿಟ್ಟು ಬಿಟ್ಟು ಕೇಳುತ್ತಿತ್ತು. “ಇಲ್ಲಿ ನೋಡು, ಮೊಟ್ಟೆ. ಗೂಡಿಲ್ಲ, ಹಾಗೆ ಕಲ್ಲಿನ ಮೇಲೆಯೇ ಇಟ್ಟಿದೆ. ಕೊಕ್ಕು ನೋಡು, ಅರಿಶಿನ ಬಣ್ಣ.” ಬಾಯಿ ನನ್ನ ಭುಜ ಒತ್ತಿದರು. ನಾವು ನಿಂತು, ಅವರನ್ನು ಇನ್ನಷ್ಟು ಮುಂದೆ ಹೋಗಲು ಬಿಟ್ಟೆವು. ಬಹಳ ಹೊತ್ತಿನ ನಂತರ ತಿರುಗಿ ಬಂದಾಗ ಅವರ ಕಣ್ಣು ಕೆಂಪಾಗಿತ್ತು, ಮುಖ ಮಾತ್ರ ತೊಳೆದಿಟ್ಟ ಹಾಗೆ ಇತ್ತು. “ಚೆಂದ ಉಂಟು,” ಎಂದರು. ಬಾಯಿ ತಮ್ಮ ಚೀಲದಿಂದ ಅವಲಕ್ಕಿ ಉಂಡೆ ತೆಗೆದು ಕೊಟ್ಟರು. ಮೂವರೂ ಬಂಡೆಯ ಮೇಲೆ ಕೂತು ತಿಂದೆವು.

ಹಡಗು ಊರಿನ ಕಡೆ ತಿರುಗಿದ ಮೇಲೆ ದೂಮಪ್ಪಣ್ಣ ನಮ್ಮ ಜತೆಯೇ ಊಟಕ್ಕೆ ಕೂರುತ್ತಿದ್ದರು. ಬಾಯಿ ಕೇಳುತ್ತಿದ್ದರು, ಅವರು ಹೇಳುತ್ತಿದ್ದರು. ಅಪ್ಪಿ ಹೇಗೆ ನಡೆಯುತ್ತಿದ್ದಳು, ಯಾವ ಮೀನು ಅವಳಿಗೆ ಸೇರುತ್ತಿರಲಿಲ್ಲ, ಸಿಟ್ಟು ಬಂದರೆ ಏನು ಮಾಡುತ್ತಿದ್ದಳು. ಊರಿನಲ್ಲಿ ಆಕೆ ಹೋದ ಮೇಲೆ ನಾವೆಲ್ಲ ಇವರಿಗೆ ನೋವಾಗಬಾರದೆಂದು ಅವಳ ಹೆಸರೆತ್ತುವುದನ್ನೇ ಬಿಟ್ಟಿದ್ದೆವು. ಅವರಿಗೆ ಬೇಕಾಗಿದ್ದದ್ದು ಹೆಸರು ಹೇಳುವವರೇ ಎಂದು ನನಗೆ ಹೊಳೆದದ್ದು ಆ ಊಟದ ಮೇಜಿನಲ್ಲಿ.

ಹಿಂತಿರುಗುವಾಗಲೂ ಒಂದು ವಾಡಿಕೆಯಿದೆ. ಪೀಪಾಯಿಯನ್ನು ಈಚೆಗೆ ದಾಟಿದ ಕೂಡಲೇ ಅಮಲು ದೀಪ ಆರಿಸಿದ ಹಾಗೆ ಇಳಿದುಬಿಡುತ್ತದೆ. ಅದಕ್ಕೆ ಉಳಿದದ್ದನ್ನೆಲ್ಲ ಅದರ ಮೊದಲೇ ಮುಗಿಸುತ್ತಾರೆ, ಗಟ್ಟಿಯಾಗಿ ನಗುತ್ತಾರೆ, ತಬ್ಬಿಕೊಳ್ಳುತ್ತಾರೆ, ಕುಣಿಯುವವರು ಕುಣಿಯುತ್ತಾರೆ. ಪೀಪಾಯಿ ದಾಟುತ್ತದೆ. ಎತ್ತಿದ ಕಾಲು ಎತ್ತಿದಲ್ಲೇ ನಿಲ್ಲುತ್ತದೆ, ನಗು ಬಾಯಲ್ಲೇ ಒಣಗುತ್ತದೆ. ಆ ಗಳಿಗೆಯಲ್ಲಿ ಯಾರೂ ಯಾರ ಮುಖವನ್ನೂ ನೋಡಬಾರದು. ಎಲ್ಲರೂ ಕಡಲಿನ ಕಡೆ ತಿರುಗಿ ನಿಂತು ಕೂದಲು ಸರಿ ಮಾಡಿಕೊಳ್ಳುತ್ತಾರೆ.

ಆ ಮಧ್ಯಾಹ್ನ ಮೇಲಟ್ಟದ ಮೇಲೆ ಬಾಯಿ ಬಾಟಲಿಯಲ್ಲಿ ಉಳಿದದ್ದನ್ನು ಮೂರು ಲೋಟಕ್ಕೆ ಹಂಚಿದರು. ದೂಮಪ್ಪಣ್ಣ ಹಿಂದೆ ಮುಂದೆ ನೋಡಿದರು. “ಮರೀಲಿಕ್ಕೆ ಅಲ್ಲ. ಸುಮ್ಮನೆ,” ಎಂದರು ಬಾಯಿ. ಅವರು ತೆಗೆದುಕೊಂಡು ಕುಡಿದರು. ದೂರದಲ್ಲಿ ದೀಪಸ್ತಂಭ ಬೆರಳಿನಷ್ಟು ಕಾಣುತ್ತಿತ್ತು. ಸುತ್ತಲೂ ಆಗಲೇ ಕುಣಿತ ಶುರುವಾಗಿತ್ತು.

“ಅಡಿಗೆ ಹೇಗುಂಟು ಅಂತ ಅಪ್ಪಿ ದಿನಾ ಕೇಳುವುದು,” ಎಂದು ದೂಮಪ್ಪಣ್ಣ ಶುರು ಮಾಡಿದರು. “ನಾನು ದಿನಾ ‘ತೊಂದರೆ ಇಲ್ಲ’ ಅಂತ ಹೇಳುವುದು. ಬೇರೆ ಎಂತ ಹೇಳ್ಬೇಕು ಅಂತ ನನಗೆ ಗೊತ್ತಾಗ್ತಿರ್ಲಿಲ್ಲ. ಅವಳಿಗೆ ಒಂದು ದಿನ ಸಿಟ್ಟು ಬಂತು. ದೋಣಿಯ ಹಲಗೆ ಸಂದಿಗೆ ತುಂಬುವ ಹತ್ತಿ ಉಂಟಲ್ಲ, ಮನೆಯಲ್ಲಿ ಒಂದು ಮೂಟೆ ಇತ್ತು. ಅದರಿಂದ ಒಂದು ಮುಷ್ಟಿ ತೆಗೆದು ತೊಳೆದು, ಸಾಸಿವೆ, ಕರಿಬೇವು, ಒಣಮೆಣಸು ಎಲ್ಲ ಹಾಕಿ ಒಗ್ಗರಣೆ ಮಾಡಿ, ಮೇಲಿಂದ ಕಾಯಿತುರಿ ಉದುರಿಸಿ, ಪಲ್ಯ ಅಂತ ಬಡಿಸಿದ್ಲು.”

“ಯೇಸುವೇ,” ಎಂದರು ಬಾಯಿ. “ಮತ್ತೆ?”

“ಎದುರು ಕೂತು ನೋಡ್ತಾ ಇದ್ದಾಳೆ. ನಾನು ಅಗಿದೆ. ಸ್ವಲ್ಪ ನಾರು ಹೆಚ್ಚುಂಟು ಅಂತ ಕಂಡಿತು. ಅರ್ಧ ತಿಂದಾಯ್ತು. ಹೇಗುಂಟು ಅಂತ ಕೇಳಿದ್ಲು.”

ಪೀಪಾಯಿ ಹಡಗಿನ ಮೂತಿಯ ಹತ್ತಿರ ಬಂದಿತ್ತು.

“ನಾನು ಹೇಳಿದೆ,” ಎಂದರು ದೂಮಪ್ಪಣ್ಣ, ಧ್ವನಿ ಆಗಲೇ ಒಡೆಯುತ್ತಿತ್ತು, “ತೊಂದರೆ ಇಲ್ಲ, ಉಪ್ಪು ಒಂದು ಚೂರು ಕಡಿಮೆ ಅಂತ.”

ಸೆವ್ರಿನ್ ಬಾಯಿ ನಕ್ಕರು. ಹೊಟ್ಟೆ ಹಿಡಿದುಕೊಂಡು, ಕಂಬಿಗೆ ಒರಗಿ, ಕಣ್ಣಲ್ಲಿ ನೀರು ಬರುವಂತೆ ನಕ್ಕರು. ದೂಮಪ್ಪಣ್ಣನೂ ನಗುತ್ತಿದ್ದರು, ದೊಡ್ಡ ಕೈಯಿಂದ ತೊಡೆ ಬಡಿದುಕೊಂಡು. “ಅವಳು ನೆಲದಲ್ಲಿ ಬಿದ್ದು ನಕ್ಕಳು ಬಾಯಿ, ನೆಲದಲ್ಲಿ ಬಿದ್ದು.” ಪೀಪಾಯಿ ನಮ್ಮ ಪಕ್ಕದಲ್ಲಿ ಹಾದು ಹಿಂದೆ ಬಿತ್ತು. ಹಡಗಿನ ಮೇಲಿನ ಗದ್ದಲ ಒಮ್ಮೆಲೇ ನಿಂತುಹೋಯಿತು. ಕುಣಿಯುತ್ತಿದ್ದವರು ಕಾಲು ಇಳಿಸಿದರು, ತಬ್ಬಿಕೊಂಡವರು ಬಿಟ್ಟರು, ಎಲ್ಲರೂ ಕಡಲಿನ ಕಡೆ ತಿರುಗಿದರು. ನನ್ನ ತಲೆಯೂ ನೀರು ಸೋಸಿದ ಹಾಗೆ ತಿಳಿಯಾಯಿತು. ಆ ನಿಶ್ಶಬ್ದದಲ್ಲಿ ಅವರಿಬ್ಬರ ನಗು ಮಾತ್ರ ನಡೆದೇ ಇತ್ತು. ಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು “ಉಪ್ಪು ಕಡಿಮೆ ಅಂತೆ” ಎಂದರು, ಮತ್ತೆ ಇಬ್ಬರಿಗೂ ತಡೆಯಲಾಗಲಿಲ್ಲ. ವಾಡಿಕೆಯಂತೆ ನಾನು ಮುಖ ತಿರುಗಿಸಬೇಕಿತ್ತು. ತಿರುಗಿಸಲಿಲ್ಲ.